ಮಗುವಿನ ಮೊದಲ ಪಾಸ್‌ಪೋರ್ಟು: ಅಮೆರಿಕದ ಪೋಸ್ಟ್ ಆಫೀಸಿನಲ್ಲಿ ಒಂದೇ ಸಲಕ್ಕೆ ಕೆಲಸ ಮುಗಿಸುವುದು ಹೇಗೆ

ಮಗಳಿಗೆ ಆಗ ಏಳು ವಾರ. ಅವಳು, ನಾನು, ನನ್ನ ಹೆಂಡತಿ, ಬಾಣಂತನಕ್ಕೆ ಬಂದಿದ್ದ ನಮ್ಮ ಅತ್ತೆ, ಹೀಗೆ ನಾಲ್ಕೂ ಜನ ಹಬ್ಬಕ್ಕೆ ಹೊರಟವರ ಹಾಗೆ ಪೋಸ್ಟ್ ಆಫೀಸಿಗೆ ಹೋಗಿದ್ದೆವು. ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ನಮ್ಮ ಕಾಗದಗಳನ್ನು ಒಂದೊಂದಾಗಿ ನೋಡಿದರು. ಪುಟ್ಟ ಪಾದದ ಗುರುತಿರುವ, ಆಸ್ಪತ್ರೆಯಲ್ಲಿ ಕೊಟ್ಟಿದ್ದ ಚೆಂದದ ಸರ್ಟಿಫಿಕೇಟನ್ನು ಪಕ್ಕಕ್ಕೆ ಇಟ್ಟು, "ಇದಕ್ಕೆ ಫ್ರೇಮ್ ಹಾಕಿಸಿ, ಇಲ್ಲಿ ನಡೆಯಲ್ಲ" ಎಂದರು. ಫಾರಂಗೆ ನಾನು ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಿದ್ದೆ. ಅದೂ ನಡೆಯಲ್ಲ. ಜೆರಾಕ್ಸ್ ಎಲ್ಲಿ ಎಂದರು, ಇರಲಿಲ್ಲ. ಕ್ರೆಡಿಟ್ ಕಾರ್ಡ್ ತೆಗೆದೆ. ಚೆಕ್ ಇದೆಯಾ ಎಂದರು. ಅದೂ ಇರಲಿಲ್ಲ.

ನಾಲ್ಕಕ್ಕೆ ನಾಲ್ಕೂ ತಪ್ಪು ನಮ್ಮದೇ. ಆಕೆ ಒಂದು ಮಾತೂ ಜೋರಾಗಿ ಆಡಲಿಲ್ಲ, ಆದರೆ ಅರ್ಜಿ ತಗೊಳ್ಳಲೂ ಇಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಎರಡೂವರೆ ವಾರದ ನಂತರ. ಅತ್ತೆಯವರ ವಾಪಸ್ ಟಿಕೆಟಿನ ಜೊತೆಗೇ ಮಗಳನ್ನೂ ಊರಿಗೆ ಕರೆದುಕೊಂಡು ಹೋಗೋಣ ಅಂತಿದ್ದ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ಆಮೇಲೆ ಎರಡನೇ ಮಗುವಿಗೆ, ನಮ್ಮಿಬ್ಬರಿಗೆ, ಗೆಳೆಯರ ಮಕ್ಕಳಿಗೆ ಅಂತ ಇದೇ ಕೆಲಸಕ್ಕೆ ಹಲವು ಸಲ ಓಡಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ, ಅದರಲ್ಲೂ ಮೊದಲ ಮಗುವಿನ ಅಪ್ಪ ಅಮ್ಮನಿಗೆ ಇದು.

ಆ ಕೌಂಟರಿನ ಕೆಲಸ ಏನು

ಇದು ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಅಮೆರಿಕದ ಪಾಸ್‌ಪೋರ್ಟ್ ಕೊಡುವುದು ವಿದೇಶಾಂಗ ಇಲಾಖೆ. ಪೋಸ್ಟ್ ಆಫೀಸು, ಕೌಂಟಿ (ಅಂದರೆ ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್ ಕಚೇರಿ, ಕೆಲವು ಲೈಬ್ರರಿ, ಟೌನ್ ಆಫೀಸು ಇವೆಲ್ಲ ಆ ಇಲಾಖೆಯ ಪರವಾಗಿ ಅರ್ಜಿ ತೆಗೆದುಕೊಳ್ಳುವ ಜಾಗಗಳು ಅಷ್ಟೇ. ದೇಶದ ತುಂಬ ಇಂಥವು 7,000ಕ್ಕೂ ಹೆಚ್ಚಿವೆ. ಕೌಂಟರಿನವರು ನಿಮ್ಮ ಮುಖ ನೋಡುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ, ನಿಮ್ಮಿಂದ ಪ್ರಮಾಣ ಮಾಡಿಸುತ್ತಾರೆ, ತಮ್ಮ ಕಣ್ಣೆದುರೇ ಸಹಿ ಹಾಕಿಸುತ್ತಾರೆ, ಎಲ್ಲವನ್ನೂ ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಪಾಸ್‌ಪೋರ್ಟ್ ಕೊಡಬೇಕೋ ಬೇಡವೋ ಅನ್ನುವುದು ಅವರ ಕೈಯಲ್ಲಿಲ್ಲ.

ಅದಕ್ಕೇ ಅಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ" ನಡೆಯುವುದಿಲ್ಲ. ಅಡ್ಜಸ್ಟ್ ಮಾಡುವ ಅಧಿಕಾರವೇ ಅವರಿಗಿಲ್ಲ. ಬರಬೇಕಾದ ಜನ, ಬರಬೇಕಾದ ಕಾಗದ ಎರಡೂ ಒಂದೇ ಹೊತ್ತಿಗೆ ಆ ಮೇಜಿನ ಮೇಲೆ ಇರಬೇಕು. ಇದ್ದರೆ ಇಪ್ಪತ್ತು ನಿಮಿಷದ ಕೆಲಸ.

ಮೊದಲು ಹೆಸರಿನ ವಿಷಯ

ಪಾಸ್‌ಪೋರ್ಟಿನ ಕೆಲಸ ಶುರುವಾಗುವುದು ಪೋಸ್ಟ್ ಆಫೀಸಿನಲ್ಲಲ್ಲ, ಹೆರಿಗೆ ವಾರ್ಡಿನಲ್ಲಿ. ನಮ್ಮಲ್ಲಿ ನಾಮಕರಣ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ. ಇಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೇ, ಅಂದರೆ ಎರಡು ಮೂರು ದಿನದೊಳಗೆ, ಒಬ್ಬರು ಫಾರಂ ಹಿಡಿದುಕೊಂಡು ಬಂದು ಹೆಸರೇನು ಅಂತ ಕೇಳುತ್ತಾರೆ. ನೀವು ಹೇಳಿದ ಸ್ಪೆಲ್ಲಿಂಗೇ ಜನನ ಪ್ರಮಾಣಪತ್ರಕ್ಕೆ, ಅಲ್ಲಿಂದ ಸೋಷಿಯಲ್ ಸೆಕ್ಯುರಿಟಿಗೆ (ಇಲ್ಲಿನ ಸರ್ಕಾರ ಒಬ್ಬೊಬ್ಬರಿಗೂ ಕೊಡುವ ನಂಬರಿನ ದಾಖಲೆ ಅದು), ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗುತ್ತದೆ. ಆಮೇಲೆ ತಿದ್ದಿಸುವುದು ಆಗದ ಕೆಲಸವೇನಲ್ಲ, ಆದರೆ ರಾಜ್ಯದ ಕಚೇರಿಗೆ ಅರ್ಜಿ, ಶುಲ್ಕ, ಕಾಯುವಿಕೆ ಎಲ್ಲ ಸೇರಿಕೊಳ್ಳುತ್ತದೆ. ಹಾಗಾಗಿ ಪುರೋಹಿತರು ಅಕ್ಷರ ಹೇಳುವವರೆಗೆ ಕಾಯುವ ಮನೆಯಾದರೆ, ಊರಿಗೆ ಫೋನ್ ಹಚ್ಚಿ ಹುಟ್ಟಿದ ದಿನವೇ ಕೇಳಿಬಿಡಿ. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಹೇಳುವ ಶಾಸ್ತ್ರ ಹನ್ನೊಂದನೇ ದಿನವೇ ಮಾಡಿ, ಅದಕ್ಕೇನೂ ಅಡ್ಡಿಯಿಲ್ಲ.

ಇನ್ನೊಂದು ತೊಡಕು ನಮ್ಮ ಕಡೆಯದ್ದೇ. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರು ಅಂತ ಒಂದಿಲ್ಲ. ಊರಿನ ಹೆಸರಿನ ಇನಿಷಿಯಲ್, ಅಪ್ಪನ ಹೆಸರಿನ ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಮೂರಕ್ಷರ ಅಂಟಿಕೊಳ್ಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಗಿಡ್ಡ ರೂಪ ಅದು. ಡ್ರೈವಿಂಗ್ ಲೈಸೆನ್ಸಿಗೂ ಅದೇ ಬಂದು ಕೂರುವುದುಂಟು. ಮಗುವಿನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಒಂದು ಥರ, ಲೈಸೆನ್ಸಿನಲ್ಲಿ ಇನ್ನೊಂದು ಥರ ಇದ್ದರೆ ಕೌಂಟರಿನಲ್ಲಿ "ಇವರೇ ಅವರು ಅಂತ ಹೇಗೆ ನಂಬುವುದು" ಅನ್ನುವ ಪ್ರಶ್ನೆ ಬರುತ್ತದೆ. ಆದ್ದರಿಂದ ಆಸ್ಪತ್ರೆಯ ಫಾರಂನಲ್ಲಿ ನಿಮ್ಮಿಬ್ಬರ ಹೆಸರನ್ನು ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅಕ್ಷರಕ್ಕಕ್ಷರ ಬರೆಯಿರಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಮದುವೆ ಸರ್ಟಿಫಿಕೇಟನ್ನೂ ಜೊತೆಗೆ ಒಯ್ಯಿರಿ.

ಜನನ ಪ್ರಮಾಣಪತ್ರ ಯಾವುದು

ಪಾದದ ಗುರುತಿನದ್ದು ಅಲ್ಲ ಅನ್ನುವುದು ಈಗ ನಿಮಗೂ ಗೊತ್ತು. ಬೇಕಾದದ್ದು ರಾಜ್ಯ, ಕೌಂಟಿ ಅಥವಾ ನಗರದ ಜನನ ನೋಂದಣಿ ಕಚೇರಿ ಕೊಡುವ ದೃಢೀಕೃತ ಪ್ರತಿ. ಅದರಲ್ಲಿ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಊರು, ಅಪ್ಪ ಅಮ್ಮ ಇಬ್ಬರ ಪೂರ್ತಿ ಹೆಸರು, ನೋಂದಣಿ ಅಧಿಕಾರಿಯ ಸಹಿ, ನೋಂದಣಿಯಾದ ದಿನ, ಕಚೇರಿಯ ಮುದ್ರೆ ಎಲ್ಲ ಇರಬೇಕು. ಕೆಲವು ಕಡೆ ಚಿಕ್ಕದು ಮತ್ತು ಉದ್ದದ್ದು ಅಂತ ಎರಡು ಬಗೆ ಕೊಡುತ್ತಾರೆ. ಕೇಳಿ ಉದ್ದದ್ದನ್ನೇ ತಗೊಳ್ಳಿ. ಚಿಕ್ಕದರಲ್ಲಿ ಅಪ್ಪ ಅಮ್ಮನ ಹೆಸರೇ ಇಲ್ಲದಿದ್ದರೆ ಈ ಕೆಲಸಕ್ಕೆ ಅದು ಬರುವುದಿಲ್ಲ. ಇಲ್ಲಿ ಈ ಒಂದೇ ಕಾಗದ ಎರಡು ಕೆಲಸ ಮಾಡುತ್ತದೆ: ಮಗು ಇಲ್ಲಿನ ಪ್ರಜೆ ಅಂತ ಹೇಳುವುದೂ ಇದೇ, ನೀವು ಅದರ ಅಪ್ಪ ಅಮ್ಮ ಅಂತ ಹೇಳುವುದೂ ಇದೇ.

ಒಂದಲ್ಲ, ಎರಡು ಪ್ರತಿ ತರಿಸಿ. ಅರ್ಜಿಯ ಜೊತೆ ಒರಿಜಿನಲ್ಲೇ ಹೋಗುತ್ತದೆ, ಕೆಲವು ವಾರ ಕೈಯಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಡೇಕೇರಿನವರೋ ಇನ್ಶೂರೆನ್ಸಿನವರೋ ಕೇಳುತ್ತಾರೆ.

ಇದರ ಜೊತೆಗೆ ಮುಂದೆ ಹಿಂದೆ ಎರಡೂ ಬದಿಯ ಜೆರಾಕ್ಸ್ ಬೇಕು. ಬಿಳಿ ಹಾಳೆ, ಒಂದು ಹಾಳೆಗೆ ಒಂದೇ ಬದಿ. ಇಲ್ಲಿನ ಹಾಳೆಯ ಅಳತೆ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದ. ಅಪ್ಪ ಅಮ್ಮನ ಗುರುತಿನ ಚೀಟಿಗೂ ಹೀಗೇ ಎರಡೂ ಬದಿಯ ಜೆರಾಕ್ಸ್. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಆದೀತು, ಅವಧಿ ಮುಗಿಯದ ಭಾರತದ ಪಾಸ್‌ಪೋರ್ಟೂ ಆದೀತು. ನಾನಂತೂ ಎರಡನ್ನೂ ಒಯ್ಯುತ್ತೇನೆ. ಲೈಸೆನ್ಸ್ ಬೇರೆ ರಾಜ್ಯದ್ದಾದರೆ ಎರಡನೇ ಗುರುತಿನ ಚೀಟಿಯನ್ನೂ ಕೇಳುತ್ತಾರೆ.

ಫಾರಂ ತುಂಬುವಾಗ

ಫಾರಂನ ಹೆಸರು ಡಿಎಸ್-11. ವಿದೇಶಾಂಗ ಇಲಾಖೆಯ ಟ್ರಾವೆಲ್ ಡಾಟ್ ಸ್ಟೇಟ್ ಡಾಟ್ ಗವ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಕಿದರೆ ಮೊದಲಿಗೆ ಸಿಗುವ ಬೇರೆ ಬೇರೆ ತಾಣಗಳು ಇದೇ ಫಾರಂ ತುಂಬಿಕೊಡಲು ದುಡ್ಡು ಕೇಳುತ್ತವೆ. ಸುಮ್ನೆ ದಂಡ. ವಿಳಾಸದ ಕೊನೆಯಲ್ಲಿ ಗವ್ ಇದೆಯಾ ನೋಡಿಕೊಂಡರೆ ಸಾಕು.

ಅಲ್ಲೇ ಟೈಪ್ ಮಾಡಿ ಪ್ರಿಂಟ್ ತೆಗೆಯುವುದು ಒಳ್ಳೆಯದು. ಪ್ರಿಂಟ್ ಒಂದೇ ಬದಿಗೆ ಬರಬೇಕು. ಮನೆಯ ಪ್ರಿಂಟರು ಕಾಗದ ಉಳಿಸಲು ಎರಡೂ ಬದಿಗೆ ಹಾಕಿದರೆ ಆ ಫಾರಂ ವ್ಯರ್ಥ. ಕೈಯಲ್ಲಿ ಬರೆಯುವುದಾದರೆ ಕಪ್ಪು ಶಾಯಿ ಮಾತ್ರ. ತಪ್ಪಾದರೆ ಗೀಟು ಹೊಡೆದೋ ಬಿಳಿ ಬಳಿದೋ ತಿದ್ದಬೇಡಿ, ಹೊಸ ಫಾರಂ ತಗೊಳ್ಳಿ.

ನಮ್ಮವರು ಎಡವುವ ಜಾಗಗಳು ಬೇರೆಯೇ ಇವೆ. ತಾರೀಖು ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 4ಕ್ಕೆ ಹುಟ್ಟಿದ ಮಗು ಅಭ್ಯಾಸಬಲದಿಂದ ಏಪ್ರಿಲ್ 7ಕ್ಕೆ ಹುಟ್ಟಿಬಿಡುತ್ತದೆ. ಅಪ್ಪ ಅಮ್ಮನ ಕೊನೆಯ ಹೆಸರು ಕೇಳುವ ಕಡೆ, ನೀವು ಹುಟ್ಟಿದಾಗ ಇದ್ದ ಹೆಸರು ಬರೆಯಬೇಕು. ಅಂದರೆ ಅಮ್ಮನ ತವರಿನ ಹೆಸರು, ಈಗಿನದ್ದಲ್ಲ. ಮಗುವಿನ ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣವನ್ನೂ ಕೇಳುತ್ತಾರೆ. ಬೋಳು ತಲೆಯ ಕೂಸಿಗೆ ಯಾವ ಬಣ್ಣ ಬರೆಯುವುದು ಅಂತ ನಾವು ಗಂಡ ಹೆಂಡತಿ ಕಾಲು ಗಂಟೆ ಚರ್ಚೆ ಮಾಡಿದೆವು. ಕೊನೆಗೆ ಕಪ್ಪು ಅಂತ ಬರೆದೆವು, ಮೂರು ತಿಂಗಳಲ್ಲಿ ಕಪ್ಪೇ ಬಂತು. ಎತ್ತರಕ್ಕೆ ಡಾಕ್ಟರ ಹತ್ತಿರ ಕೊನೆಯ ಸಲ ಅಳೆದದ್ದು ಸಾಕು.

ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಆಸ್ಪತ್ರೆಯಲ್ಲೇ ಅರ್ಜಿ ಹಾಕಿದ್ದರೆ ಕಾರ್ಡು ಅಂಚೆಯಲ್ಲಿ ಬರುತ್ತದೆ. ಅದು ಬರುವವರೆಗೆ ಕಾಯುವುದೇ ಮೇಲು, ನಂಬರ್ ಇದ್ದರೆ ಫಾರಂ ಸಲೀಸು.

ಫಾರಂನ ಸಹಿ ಜಾಗವನ್ನು ಮಾತ್ರ ಮುಟ್ಟಬೇಡಿ. ಸಹಿ ಕೌಂಟರಿನವರ ಎದುರೇ ಆಗಬೇಕು. ನಾನು ಆ ಜಾಗಕ್ಕೆ ಸಣ್ಣ ಹಳದಿ ಚೀಟಿ ಅಂಟಿಸಿ ಪೆನ್ಸಿಲಿನಲ್ಲಿ "ಬೇಡ" ಅಂತ ಬರೆದಿಡುತ್ತೇನೆ. ಕೈ ಸುಮ್ಮನಿರುವುದಿಲ್ಲ ನೋಡಿ.

ಕೂಸಿನ ಫೋಟೋ ಎಂಬ ಸಾಹಸ

2 ಇಂಚು ಅಗಲ, 2 ಇಂಚು ಉದ್ದ, ಅಂದರೆ ಚೌಕ. ನಮ್ಮೂರ ಸ್ಟುಡಿಯೋದ ಪಾಸ್‌ಪೋರ್ಟ್ ಸೈಜ್ ಇಲ್ಲಿ ಆಗುವುದಿಲ್ಲ. ಹಿಂದೆ ಬಿಳಿ, ಮುಖದ ಮೇಲೆ ನೆರಳಿಲ್ಲ, ಗಲ್ಲದಿಂದ ನೆತ್ತಿಯವರೆಗೆ 1 ಇಂಚಿನಿಂದ 1⅜ ಇಂಚಿನೊಳಗೆ. ಕಳೆದ ಆರು ತಿಂಗಳಲ್ಲಿ ತೆಗೆದದ್ದಾಗಿರಬೇಕು. ಫೋನಿನಲ್ಲಿ ಮುಖ ಬೆಳ್ಳಗೆ ಮಾಡುವ, ಹಿನ್ನೆಲೆ ಅಳಿಸುವ ತಿದ್ದುಪಡಿ ಯಾವುದೂ ಬೇಡ.

ಎರಡು ತಿಂಗಳ ಕೂಸು ಕ್ಯಾಮರಾ ನೋಡಬೇಕಲ್ಲ! ಔಷಧಿ ಅಂಗಡಿಗಳಲ್ಲಿ ತೆಗೆಯುತ್ತಾರೆ, ಬಹಳಷ್ಟು ಪೋಸ್ಟ್ ಆಫೀಸುಗಳಲ್ಲೂ 15 ಡಾಲರಿಗೆ ತೆಗೆಯುತ್ತಾರೆ. ಆದರೆ ಅಲ್ಲಿ ಕತ್ತು ನಿಲ್ಲದ ಮಗುವನ್ನು ಬಿಳಿ ಪರದೆಯ ಮುಂದೆ ಎತ್ತಿ ಹಿಡಿದು, ಹಿಡಿದ ಕೈ ಕಾಣದ ಹಾಗೆ ಮಾಡುವುದು ಸರ್ಕಸ್ಸು. ಬೇರೆಯವರ ಕೈ, ಭುಜ ಏನೂ ಫೋಟೋದಲ್ಲಿ ಕಾಣಬಾರದು. ಮನೆಯಲ್ಲಿ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಮಗುವನ್ನು ಅಂಗಾತ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ತೆಗೆಯುವುದೇ ಸುಲಭ. ನಮ್ಮ ಮನೆಯಲ್ಲಿ ಬಿಳಿ ಬೆಡ್‌ಶೀಟ್ ಇರಲಿಲ್ಲ. ಮದುವೆಯಲ್ಲಿ ಉಟ್ಟಿದ್ದ ಪಂಚೆ ಇತ್ತು. ಅಂಚು ಕಾಣದ ಹಾಗೆ ಮಡಚಿ ಹಾಸಿದೆವು. ಮಗಳ ಮೊದಲ ಪಾಸ್‌ಪೋರ್ಟಿನ ಹಿಂದಿರುವುದು ಆ ಪಂಚೆಯೇ.

ಕುಲಾವಿ ತೆಗೆಯಿರಿ. ಬಾಯಿಯ ಚೀಪಣಿ ತೆಗೆಯಿರಿ. ಕೆನ್ನೆಯ ಮೇಲಿನ ದೃಷ್ಟಿಬೊಟ್ಟು? ನಿಯಮ ಬರೆದವರಿಗೆ ಅದರ ಕಲ್ಪನೆಯೇ ಇರಲಿಕ್ಕಿಲ್ಲ. ಆದರೂ ಕಾಲು ಕೆನ್ನೆಯಷ್ಟಿರುವ ಕಪ್ಪನ್ನು ಒರೆಸಿಬಿಡುವುದು ಕ್ಷೇಮ. ನಮ್ಮ ಅತ್ತೆಯವರು ಒಪ್ಪಲಿಲ್ಲ, ಕೊನೆಗೆ ಅಂಗಾಲಿಗೆ ಇಟ್ಟು ಸಮಾಧಾನಪಟ್ಟುಕೊಂಡರು. ತೀರಾ ಚಿಕ್ಕ ಕೂಸಿನ ಕಣ್ಣು ಪೂರ್ತಿ ತೆರೆಯದಿದ್ದರೂ ಒಪ್ಪುತ್ತಾರೆ, ದೊಡ್ಡ ಮಕ್ಕಳಿಗೆ ಆ ರಿಯಾಯಿತಿ ಇಲ್ಲ. ಕನ್ನಡಕ ಯಾರಿಗೂ ಇಲ್ಲ.

ಮೇಲಿನಿಂದ ಫ್ಲ್ಯಾಶ್ ಹಾಕದೆ ಹತ್ತಿಪ್ಪತ್ತು ಫೋಟೋ ತೆಗೆದು, ಒಂದನ್ನು ಆರಿಸಿ, ಅಂಗಡಿಯಲ್ಲಿ ಫೋಟೋ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಫಾರಂಗೆ ನೀವೇ ಅಂಟಿಸಲು ಹೋಗಬೇಡಿ, ಅದನ್ನು ಅವರು ಮಾಡುತ್ತಾರೆ.

ಅಪ್ಪ, ಅಮ್ಮ, ಮಗು: ಮೂವರೂ

16 ವರ್ಷದೊಳಗಿನ ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಕೌಂಟರಿಗೆ ಬರಬೇಕು. ಮಗುವೂ ಬರಬೇಕು, ಎಷ್ಟೇ ಚಿಕ್ಕದಿರಲಿ. ಒಬ್ಬರಿಗೆ ತಿಳಿಸದೆ ಇನ್ನೊಬ್ಬರು ಮಗುವನ್ನು ದೇಶ ದಾಟಿಸಬಾರದು ಅನ್ನುವುದು ಇದರ ಹಿಂದಿನ ಕಾರಣ. ಹಾಗಾಗಿ "ಅವರಿಗೆ ಆಫೀಸಿದೆ, ನಾನೇ ಬಂದೆ" ಅನ್ನುವ ಮಾತಿಗೆ ಬೆಲೆಯಿಲ್ಲ. ಅಜ್ಜಿ ತಾತ ಬಂದರೆ ಬೇಡ ಅನ್ನುವುದಿಲ್ಲ, ಆದರೆ ಅವರು ಅಪ್ಪ ಅಮ್ಮನ ಬದಲಿಗೆ ಆಗುವುದಿಲ್ಲ.

ಒಬ್ಬರಿಗೆ ಬರಲು ಆಗದೇ ಇದ್ದರೆ ಡಿಎಸ್-3053 ಅನ್ನುವ ಒಪ್ಪಿಗೆ ಪತ್ರ ಇದೆ. ಬರಲಾಗದವರು ಅದಕ್ಕೆ ನೋಟರಿಯ ಎದುರು ಸಹಿ ಹಾಕಬೇಕು. ನೋಟರಿಗೆ ತೋರಿಸಿದ ಗುರುತಿನ ಚೀಟಿಯ ಎರಡೂ ಬದಿಯ ಜೆರಾಕ್ಸನ್ನು ಜೊತೆಗೆ ಇಡಬೇಕು. ಸಹಿಯಾದ ಮೂರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ಬಹಳ ಬ್ಯಾಂಕುಗಳಲ್ಲಿ ಖಾತೆದಾರರಿಗೆ ನೋಟರಿ ಪುಕ್ಕಟೆ.

ಇಲ್ಲಿ ಒಂದು ಮಾತು. ನಮ್ಮವರಲ್ಲಿ ಆಗಾಗ ಹೀಗಾಗುತ್ತದೆ: ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಅಪ್ಪ ಕೆಲಸದ ಮೇಲೆ ಬೆಂಗಳೂರಿಗೆ ಹೋಗುತ್ತಾನೆ, ಇಲ್ಲಿ ಅಮ್ಮ ಒಬ್ಬಳೇ ಉಳಿಯುತ್ತಾಳೆ. ವಿಮಾನ ಹತ್ತುವ ಮೊದಲೇ ಆ 3053ಕ್ಕೆ ಸಹಿ ಹಾಕಿಸಿ ಮನೆಯಲ್ಲಿಟ್ಟು ಹೋಗಿ. ಅಲ್ಲಿಗೆ ಹೋದ ಮೇಲೆ ಅಮೆರಿಕದ ಕಾನ್ಸುಲೇಟಿನ ಅಪಾಯಿಂಟ್‌ಮೆಂಟ್ ಹಿಡಿದು ಮಾಡಿಸುವುದಕ್ಕಿಂತ ಇಲ್ಲಿ ಬ್ಯಾಂಕಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸುವುದು ಎಷ್ಟೋ ವಾಸಿ. ಮಗುವಿನ ಪೂರ್ತಿ ಹೊಣೆ ಕೋರ್ಟಿನ ಆದೇಶದಂತೆ ಒಬ್ಬರಿಗೇ ಇದ್ದರೆ ಆ ಆದೇಶದ ಪ್ರತಿ ಒಯ್ಯಬೇಕು.

ಹದಿನಾರು, ಹದಿನೇಳರ ಮಕ್ಕಳ ಲೆಕ್ಕ ಬೇರೆ. ಅವರೇ ಸಹಿ ಹಾಕುತ್ತಾರೆ, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ವಿಷಯ ಗೊತ್ತಿದೆ ಅಂತ ತೋರಿದರೆ ಸಾಕು. ಸುಲಭದ ದಾರಿ ಅಂದರೆ ಒಬ್ಬರು ಜೊತೆಗೆ ಹೋಗುವುದು.

ದುಡ್ಡು: ಎರಡು ಕಡೆಗೆ, ಎರಡು ಥರ

ಈಗಿನ ಲೆಕ್ಕ ಇದು. 16ರೊಳಗಿನ ಮಗುವಿನ ಪಾಸ್‌ಪೋರ್ಟ್ ಪುಸ್ತಕಕ್ಕೆ 100 ಡಾಲರ್, ಕೌಂಟರಿನ ಶುಲ್ಕ 35 ಡಾಲರ್, ಒಟ್ಟು 135. ದೊಡ್ಡವರಿಗೆ 130 ಮತ್ತು 35, ಒಟ್ಟು 165. ಬೇಗ ಬೇಕಾದರೆ 60 ಜಾಸ್ತಿ. ಪಾಸ್‌ಪೋರ್ಟ್ ಕಾರ್ಡ್ ಅಂತ ಇನ್ನೊಂದಿದೆ, ಅದು ವಿಮಾನದಲ್ಲಿ ಭಾರತಕ್ಕೆ ಹೋಗಲು ಕೆಲಸಕ್ಕೆ ಬರುವುದಿಲ್ಲ. ಫಾರಂನಲ್ಲಿ ಪುಸ್ತಕ ಅನ್ನುವುದಕ್ಕೇ ಗುರುತು ಹಾಕಿ.

ಕೈ ತಪ್ಪುವುದು ಎಲ್ಲಿ ಅಂದರೆ, ಈ ಎರಡು ಮೊತ್ತ ಬೇರೆ ಬೇರೆ ಜೇಬಿಗೆ ಹೋಗುತ್ತವೆ. 100 ಡಾಲರ್ ವಿದೇಶಾಂಗ ಇಲಾಖೆಗೆ. ಅದನ್ನು ಚೆಕ್ಕಿನಲ್ಲೋ ಮನಿ ಆರ್ಡರಿನಲ್ಲೋ ಕೊಡಬೇಕು, ಕಾರ್ಡ್ ನಡೆಯುವುದಿಲ್ಲ. ಚೆಕ್ಕನ್ನು ಯು.ಎಸ್. ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್ ಹೆಸರಿಗೆ ಬರೆದು, ಕೆಳಗೆ ಮಗುವಿನ ಪೂರ್ತಿ ಹೆಸರು, ಹುಟ್ಟಿದ ತಾರೀಖು ಬರೆಯಿರಿ. 35 ಡಾಲರ್ ಕೌಂಟರಿನ ಕಚೇರಿಗೆ. ಪೋಸ್ಟ್ ಆಫೀಸಿನಲ್ಲಿ ಅದಕ್ಕೆ ಕಾರ್ಡ್ ಆದೀತು. ಬೇರೆ ಕಚೇರಿಗಳಲ್ಲಿ ಹೇಗೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಇಬ್ಬರು ಮಕ್ಕಳಿದ್ದರೆ ಎರಡು ಚೆಕ್ಕು, ಒಟ್ಟುಗೂಡಿಸಬೇಡಿ.

ಚೆಕ್ ಪುಸ್ತಕವೇ ಇಲ್ಲದ ಕಾಲ ಇದು. ಪೋಸ್ಟ್ ಆಫೀಸಿನಲ್ಲೇ ಮನಿ ಆರ್ಡರ್ ಸಿಗುತ್ತದೆ. ಆದರೆ ಅದನ್ನು ಕೊಳ್ಳಲು ನಗದು ಅಥವಾ ಡೆಬಿಟ್ ಕಾರ್ಡ್ ಬೇಕು, ಕ್ರೆಡಿಟ್ ಕಾರ್ಡ್ ಅಲ್ಲಿಯೂ ಇಲ್ಲ.

ಅಪಾಯಿಂಟ್‌ಮೆಂಟ್ ಹಿಡಿಯುವುದು

ವಿದೇಶಾಂಗ ಇಲಾಖೆಯ ತಾಣದಲ್ಲಿ ನಿಮ್ಮ ಜಿಪ್ ಕೋಡ್ ಹಾಕಿದರೆ ಹತ್ತಿರದ ಕಚೇರಿಗಳ ಪಟ್ಟಿ ಬರುತ್ತದೆ. ಪೋಸ್ಟ್ ಆಫೀಸಿನ ತಾಣದಲ್ಲಿ ಸಮಯ ಹಿಡಿಯುವಾಗ ದೊಡ್ಡವರೆಷ್ಟು, 16ರೊಳಗಿನವರೆಷ್ಟು ಅಂತ ಕೇಳುತ್ತಾರೆ. ಅರ್ಜಿ ಹಾಕುವವರನ್ನು ಮಾತ್ರ ಎಣಿಸಿ, ಜೊತೆಗೆ ಬರುವ ಅಪ್ಪ ಅಮ್ಮನನ್ನಲ್ಲ.

ನಿಮ್ಮ ಊರಿನ ದೊಡ್ಡ ಪೋಸ್ಟ್ ಆಫೀಸಿನಲ್ಲಿ ತಿಂಗಳವರೆಗೆ ಜಾಗ ಇಲ್ಲದಿದ್ದರೆ ಎದೆಗುಂದಬೇಡಿ. ಅರ್ಧ ಗಂಟೆ ದೂರದ ಸಣ್ಣ ಊರಿನ ಪೋಸ್ಟ್ ಆಫೀಸು ಅಥವಾ ಕೌಂಟಿ ಕ್ಲರ್ಕ್ ಕಚೇರಿ ನೋಡಿ. ಕೆಲವು ಕಡೆ ಅಪಾಯಿಂಟ್‌ಮೆಂಟ್ ಇಲ್ಲದೆಯೂ ತಗೊಳ್ಳುತ್ತಾರೆ, ಕೆಲವು ಕಡೆ ಶನಿವಾರವೂ ಇರುತ್ತದೆ. ನನ್ನ ಅನುಭವದಲ್ಲಿ ಸಣ್ಣ ಊರಿನ ಕೌಂಟರು ಯಾವಾಗಲೂ ಮೇಲು. ಗದ್ದಲ ಇಲ್ಲ, ಮಗು ಅತ್ತರೆ ಅವರೇ ಆಟಿಕೆ ತೋರಿಸುತ್ತಾರೆ. ಎಲ್ಲಿ ಕೊಟ್ಟರೂ ಅರ್ಜಿ ಹೋಗುವುದು ಒಂದೇ ಇಲಾಖೆಗೆ.

ಹೊತ್ತನ್ನು ಮಗುವಿನ ನಿದ್ದೆ ನೋಡಿ ಆರಿಸಿ. ಹಾಲು ಕುಡಿಸಿ ಹೊರಟರೆ ಅಲ್ಲಿ ಶಾಂತಿ.

ಆ ದಿನ

ಕೌಂಟರಿನವರು ಕಾಗದ ನೋಡಿ, ನಿಮ್ಮಿಬ್ಬರ ಮುಖ ನೋಡಿ, ಬಲಗೈ ಎತ್ತಿ ಎನ್ನುತ್ತಾರೆ. ಫಾರಂನಲ್ಲಿ ಬರೆದದ್ದೆಲ್ಲ ನಿಜ ಅಂತ ಪ್ರಮಾಣ. ಮಗು ಬಲತೋಳಿನಲ್ಲಿದ್ದರೆ ಎಡಕ್ಕೆ ಬದಲಾಯಿಸಿಕೊಳ್ಳುವ ಒಂದು ಗಡಿಬಿಡಿ ಎಲ್ಲರಿಗೂ ಆಗುತ್ತದೆ. ಆಮೇಲೆ ಇಬ್ಬರೂ ಸಹಿ. ಒರಿಜಿನಲ್ ಜನನ ಪ್ರಮಾಣಪತ್ರ, ಜೆರಾಕ್ಸುಗಳು, ಫೋಟೋ, ಚೆಕ್ ಎಲ್ಲ ಲಕೋಟೆಗೆ. ನಿಮ್ಮ ಲೈಸೆನ್ಸ್, ಪಾಸ್‌ಪೋರ್ಟ್ ವಾಪಸ್ ಕೊಡುತ್ತಾರೆ. ರಸೀದಿ ಜೋಪಾನ.

ಎಷ್ಟು ದಿನ ಕಾಯಬೇಕು

ಮಾಮೂಲಿ ಅರ್ಜಿಗೆ 4ರಿಂದ 6 ವಾರ, ಬೇಗದ್ದಕ್ಕೆ 2ರಿಂದ 3 ವಾರ ಎಂದು ಇಲಾಖೆ ಹೇಳುತ್ತದೆ. ಇದನ್ನು ಓದಿಯೇ ಬಹಳ ಜನ ಟಿಕೆಟ್ ಬುಕ್ ಮಾಡಿಬಿಡುತ್ತಾರೆ. ಅಂಚೆಯಲ್ಲಿ ಅರ್ಜಿ ಹೋಗುವ, ಪುಸ್ತಕ ಬರುವ ದಿನಗಳು ಈ ಲೆಕ್ಕದಲ್ಲಿ ಇಲ್ಲ. ಹೋಗಲು ಎರಡು ವಾರ, ಬರಲು ಎರಡು ವಾರದವರೆಗೆ ಹಿಡಿಯಬಹುದು. ಅಂದರೆ 4ರಿಂದ 6 ವಾರ ಅನ್ನುವುದು ಕೆಟ್ಟ ಲೆಕ್ಕದಲ್ಲಿ ಹತ್ತು ವಾರ. ಮೊದಲೆರಡು ವಾರ ತಾಣದಲ್ಲಿ ನೋಡಿದರೆ ಅರ್ಜಿ ಸಿಗಲಿಲ್ಲ ಅಂತಲೇ ತೋರಿಸಬಹುದು, ಗಾಬರಿ ಬೇಡ.

ಪಾಸ್‌ಪೋರ್ಟ್ ಬಂದ ಕೂಡಲೇ ಊರಿಗೆ ಹೊರಡಲೂ ಆಗುವುದಿಲ್ಲ. ಮಗು ಭಾರತದ ದೃಷ್ಟಿಯಲ್ಲಿ ವಿದೇಶಿ. ಅದಕ್ಕೆ ವೀಸಾ ಅಥವಾ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡು) ಬೇಕು, ಎರಡಕ್ಕೂ ಅಮೆರಿಕದ ಪಾಸ್‌ಪೋರ್ಟ್ ನಂಬರ್ ಮೊದಲು ಬೇಕು. ಓಸಿಐ ಅರ್ಜಿ ಅಂತರ್ಜಾಲದಲ್ಲಿ ತುಂಬಿ, ಕಾಗದಗಳನ್ನು ವಿಎಫ್‌ಎಸ್ ಅನ್ನುವ, ಭಾರತ ಸರ್ಕಾರದ ಪರವಾಗಿ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿಯ ಮೂಲಕ ಕಳಿಸಬೇಕು. ಅದಕ್ಕೂ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ಸಲ ಅವಸರವಿದ್ದರೆ ಇ-ವೀಸಾದಲ್ಲಿ ಹೋಗಿಬಂದು ಓಸಿಐ ಆಮೇಲೆ ಮಾಡಿಸುವವರೂ ಇದ್ದಾರೆ. ನನ್ನ ಸಲಹೆ ಕೇಳಿದರೆ, ಹುಟ್ಟಿದ ಮೊದಲ ತಿಂಗಳಲ್ಲೇ ಪಾಸ್‌ಪೋರ್ಟಿಗೆ ಹಾಕಿ, ಐದು ತಿಂಗಳು ತುಂಬುವವರೆಗೆ ಟಿಕೆಟ್ ಮುಟ್ಟಬೇಡಿ. ಅನ್ನಪ್ರಾಶನಕ್ಕೆ ಊರಿಗೆ ತಲುಪಬಹುದು.

ಇನ್ನು ನಿಜವಾದ ತುರ್ತು. ಹೊರಡಲು 14 ದಿನದೊಳಗೆ ಇದ್ದರೆ, ಅಥವಾ ವೀಸಾ ಬೇಕಾಗಿದ್ದು 28 ದಿನದೊಳಗೆ ಇದ್ದರೆ ಕೌಂಟರು ಬಿಟ್ಟುಬಿಡಿ. ನ್ಯೂಯಾರ್ಕ್, ಷಿಕಾಗೋ, ಡಲ್ಲಾಸ್, ಸ್ಯಾನ್ ಫ್ರಾನ್ಸಿಸ್ಕೋದಂಥ ಊರುಗಳಲ್ಲಿ ಇಲಾಖೆಯದ್ದೇ ಪಾಸ್‌ಪೋರ್ಟ್ ಏಜೆನ್ಸಿಗಳಿವೆ. 1-877-487-2778ಕ್ಕೆ ಫೋನ್ ಮಾಡಿ ಸಮಯ ಹಿಡಿಯಬೇಕು. ಊರಿನಲ್ಲಿ ಯಾರಿಗೋ ಜೀವಕ್ಕೆ ಅಪಾಯ, ಅಥವಾ ತೀರಿಕೊಂಡಿದ್ದಾರೆ ಅನ್ನುವ ಸಂದರ್ಭಕ್ಕೂ ಬೇರೆ ವ್ಯವಸ್ಥೆಯಿದೆ. ಅದರಲ್ಲಿ ಅಪ್ಪ, ಅಮ್ಮ, ಕಾನೂನಿನ ಪ್ರಕಾರ ಪೋಷಕರಾದವರು, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ ಮಾತ್ರ ಬರುತ್ತಾರೆ. ಸಾಕಿ ಬೆಳೆಸಿದ ದೊಡ್ಡಮ್ಮನೋ ಸೋದರಮಾವನೋ ಆದರೆ ಅವರ ಲೆಕ್ಕದಲ್ಲಿ ಹತ್ತಿರದವರಲ್ಲ. ನಮಗೆ ಇದು ಅರಗಿಸಿಕೊಳ್ಳಲು ಕಷ್ಟ, ಆದರೆ ನಿಯಮ ಹಾಗಿದೆ.

ಹೊಸದಾಗಿ ಪೌರತ್ವ ಪಡೆದ ದೊಡ್ಡವರಿಗೆ

ನಮ್ಮಿಬ್ಬರಿಗೂ ಪೌರತ್ವದ ಪ್ರಮಾಣವಚನ ಆದ ಮೇಲೆ ಹೋಗಿದ್ದು ಇದೇ ಕೌಂಟರಿಗೆ, ತುಂಬಿದ್ದು ಇದೇ ಡಿಎಸ್-11. ವ್ಯತ್ಯಾಸ ಇಷ್ಟೇ: ಜನನ ಪ್ರಮಾಣಪತ್ರದ ಬದಲು ಪೌರತ್ವದ ಸರ್ಟಿಫಿಕೇಟಿನ ಒರಿಜಿನಲ್. ಎಷ್ಟೋ ವರ್ಷ ಕಾದು ಪಡೆದ ಆ ಒಂದು ಹಾಳೆಯನ್ನು ಅಂಚೆಗೆ ಹಾಕುವಾಗ ಕೈ ನಡುಗುತ್ತದೆ. ವಾಪಸ್ ಬರುತ್ತದೆ, ಬೇರೆ ಲಕೋಟೆಯಲ್ಲಿ. ಕಳಿಸುವ ಮೊದಲು ಒಂದು ಜೆರಾಕ್ಸ್ ಮನೆಯಲ್ಲಿರಲಿ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಆದ್ದರಿಂದ ಇದಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸುವ ಕೆಲಸವೂ ಇದೆ. ಅವಧಿ ಉಳಿದಿದೆ ಅಂತ ಅದರಲ್ಲಿ ಊರಿಗೆ ಹೋಗಿಬರುವ ಯೋಚನೆ ಬೇಡವೇ ಬೇಡ.

ಪುಸ್ತಕ ಕೈಗೆ ಬಂದಾಗ

ಪಾಸ್‌ಪೋರ್ಟ್ ಮೊದಲು ಬರುತ್ತದೆ, ಜನನ ಪ್ರಮಾಣಪತ್ರ ಇನ್ನೊಂದು ಲಕೋಟೆಯಲ್ಲಿ ಕೆಲವು ವಾರ ತಡವಾಗಿಯೂ ಬರಬಹುದು. ಜಂಕ್ ಮೇಲ್ ಅಂತ ಎಸೆಯಬೇಡಿ. ನಡುವೆ ಇಲಾಖೆಯಿಂದ ಏನಾದರೂ ಕೇಳಿ ಪತ್ರ ಬಂದರೆ 90 ದಿನದೊಳಗೆ ಉತ್ತರ ಕೊಡಬೇಕು. ಪುಸ್ತಕ ತೆರೆದ ಕೂಡಲೇ ಹೆಸರು, ತಾರೀಖು, ಹುಟ್ಟಿದ ಊರು ನೋಡಿ. ಅವರ ಕಡೆಯಿಂದ ಅಚ್ಚಿನ ತಪ್ಪಾಗಿದ್ದರೆ ಡಿಎಸ್-5504 ಫಾರಂನಲ್ಲಿ ಪುಕ್ಕಟೆ ಸರಿಮಾಡಿ ಕೊಡುತ್ತಾರೆ.

ಸಹಿಯ ಜಾಗದಲ್ಲಿ ಮಗುವಿನ ಹೆಸರನ್ನು ಅಚ್ಚಕ್ಷರದಲ್ಲಿ ನೀವು ಬರೆದು, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ, ಕಂಸದಲ್ಲಿ ತಾಯಿ ಅಥವಾ ತಂದೆ ಅಂತ ಇಂಗ್ಲಿಷಿನಲ್ಲಿ ಬರೆಯಬೇಕು. ಮಗುವಿನ ಕೈ ಹಿಡಿದು ಗೀಚಿಸಬೇಡಿ.

ಒಳಗೆ ಅವಧಿ ಮುಗಿಯುವ ತಾರೀಖು ಇರುತ್ತದೆ, ಮಕ್ಕಳದ್ದು ಐದೇ ವರ್ಷ. ದೊಡ್ಡವರ ಹಾಗೆ ಮನೆಯಲ್ಲೇ ಕೂತು ನವೀಕರಿಸಲು ಆಗುವುದಿಲ್ಲ. ಹೊಸದಾಗಿ ಡಿಎಸ್-11, ಹೊಸ ಫೋಟೋ, ಮತ್ತೆ ಅಪ್ಪ, ಅಮ್ಮ, ಮಗು ಮೂವರೂ ಅದೇ ಕೌಂಟರಿಗೆ. ಆ ತಾರೀಖಿಗಿಂತ ಒಂಬತ್ತು ತಿಂಗಳು ಮೊದಲು ಫೋನಿನಲ್ಲಿ ಒಂದು ಅಲಾರಂ ಇಟ್ಟುಬಿಡಿ. ಎರಡನೇ ಸಲ ನಾವು ಹೋದಾಗ ಮಗಳೇ ಬಲಗೈ ಎತ್ತಿಕೊಂಡು ನಿಂತಿದ್ದಳು, ಅವಳಿಗೆ ಯಾರೂ ಹೇಳಿರಲಿಲ್ಲ.